ಹನ್ನೊಂದು ಹೆಸರುಗಳ ಜಿಪ್ ಫೈಲು

ಲೇಕ್ ಗಾರ್ಡನ್ಸ್‌ನ ಮನೆ ಬಿಟ್ಟು ನಾವು ಕಲ್ಕತ್ತಾದಲ್ಲೇ ಸಿಯಾಲ್ದಾ ಹತ್ತಿರದ ರೈಲ್ವೆ ಕ್ವಾರ್ಟರ್ಸ್‌ಗೆ ಬಂದು ಒಂದು ವರ್ಷ ಆಗಿರಬೇಕು. ಕಳೆದ ವಾರ ಹಳೆ ಮನೆಯ ಮಾಲೀಕರು ಫೋನ್ ಮಾಡಿ, ಗೋಡೆ ಕಪಾಟಿನಲ್ಲಿ ನಿಮ್ಮದೊಂದು ಚೀಲ ಉಳಿದಿದೆ, ಬಣ್ಣ ಹೊಡೆಸುವ ಮೊದಲು ಒಯ್ಯಿರಿ ಅಂದರು. ಹೋದೆ. ಮನೆ ಖಾಲಿ ಇತ್ತು. ಕಪಾಟಿನ ಬಾಗಿಲು ಎಳೆದದ್ದೇ ಆ ವಾಸನೆ ಬಂತು. ನುಸಿಗುಳಿಗೆ, ಒದ್ದೆ ಗೋಡೆ, ಅಜ್ಜಿ ಮೊಣಕಾಲಿಗೆ ಹಚ್ಚುತ್ತಿದ್ದ ಮುಲಾಮು, ಮೂರೂ ಸೇರಿದ್ದು. ಅದೇ ಹೊತ್ತಿಗೆ ಆಚೆ ಸ್ಟೇಷನ್ನಿಗೆ ಲೋಕಲ್ ಟ್ರೇನ್ ಬಂದು ಹಾರ್ನ್ ಹೊಡೆಯಿತು. ನಾನು ಯೋಚನೆ ಮಾಡದೆ ಗಡಿಯಾರ ನೋಡಿಕೊಂಡೆ. ನಾಲ್ಕಕ್ಕೆ ಎರಡು ನಿಮಿಷ. ಖಾಲಿ ಮನೆಯಲ್ಲಿ ಒಬ್ಬಳೇ ನಿಂತು, ಅಲ್ಲಿ ಇಲ್ಲದ ಒಂದು ಫೋನು ‘ಟಿಣ್’ ಅನ್ನಲಿ ಎಂದು ಕಾಯುತ್ತಿದ್ದೆ. ಅದು ಅನ್ನಲಿಲ್ಲ. ಆದರೂ ನಾಲ್ಕು ದಾಟುವವರೆಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ಇದು ಎರಡು ವರ್ಷದ ಹಿಂದಿನ ಮಳೆಗಾಲದ ಮಾತು.

ಆಗ ಮನೆಯಲ್ಲಿ ನಾವು ನಾಲ್ವರು. ಅಪ್ಪನಿಗೆ ಸಿಯಾಲ್ದಾದಲ್ಲಿ ರೈಲ್ವೆ ಕೆಲಸ. ಅಮ್ಮ. ಕಾಲೇಜಿನ ಎರಡನೇ ವರ್ಷದಲ್ಲಿದ್ದ ನಾನು, ಸ್ಮಿತಾ. ಮತ್ತೆ ಅಪ್ಪನ ಅಮ್ಮ, ನಮ್ಮ ಅಜ್ಜಿ. ನಾವು ಮೂಲ ಗದಗದವರು. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅಜ್ಜಿಗೆ ಬರುವುದು ಕನ್ನಡ ಒಂದೇ, ಓದಲಿಕ್ಕೂ ಅದೊಂದೇ. ಈ ಊರಿನ ಬೋರ್ಡುಗಳೆಲ್ಲ ಬಂಗಾಳಿ, ಇಲ್ಲವೇ ಇಂಗ್ಲಿಷ್, ಹಿಂದಿ. ಹಾಗಾಗಿ ಎಲ್ಲಾದರೂ ಕನ್ನಡ ಅಕ್ಷರ ಕಂಡರೆ ಅಜ್ಜಿ ಬಿಡುತ್ತಿರಲಿಲ್ಲ. ಊದಿನಕಡ್ಡಿ ಪೊಟ್ಟಣ, ಊರಿಂದ ಬಂದ ಚಟ್ನಿಪುಡಿ ಕಟ್ಟಿದ ಹಳೇ ಪೇಪರು, ಔಷಧಿ ಡಬ್ಬಿಯ ಒಂದು ಮೂಲೆ, ಎಲ್ಲವನ್ನೂ ಭೂತಗನ್ನಡಿ ಹಿಡಿದು ಪೂರ್ತಿ ಓದಿಯೇ ಕೆಳಗಿಡುತ್ತಿದ್ದಳು. ನನಗೆ ಕನ್ನಡ ಬರೆಯಲು ಕಲಿಸಿದ್ದೂ ಅವಳೇ. ಅವಳದೊಂದು ವಹಿ ಇತ್ತು. ದಿನವೂ ಅದರಲ್ಲಿ ಒಂದು ಪುಟ ರಾಮನಾಮ ಬರೆಯುತ್ತಿದ್ದಳು.

ಅಜ್ಜಿಯ ತಂಗಿ ಪ್ರೇಮಜ್ಜಿ ಗದಗದಲ್ಲೇ ಇದ್ದಳು. ಅವಳಿಗೆ ಕಿವಿ ಮಂದ, ಫೋನಿನಲ್ಲಿ ಮಾತಾಡಿದರೆ ಅರ್ಧ ಕೇಳಿಸುತ್ತಿರಲಿಲ್ಲ. ಆದರೆ ಧ್ವನಿ ಮೆಸೇಜನ್ನು ಜೋರಾಗಿ ಹಾಕಿಕೊಂಡು, ಬೇಕಾದರೆ ನಾಲ್ಕು ಸಲ ಕೇಳಬಹುದಲ್ಲ. ಹಾಗಾಗಿ ಅಕ್ಕತಂಗಿಯರ ಮಾತುಕತೆಯೆಲ್ಲ ಧ್ವನಿ ಮೆಸೇಜಿನಲ್ಲೇ. ಊಟ ಮಾಡಿ ಮಲಗಿ ಎದ್ದು ಅಜ್ಜಿ ಒಂದು ಕಳಿಸುವಳು, ನಾಲ್ಕು ಗಂಟೆಗೆ ಗದಗದಿಂದ ಉತ್ತರ ಬರುವುದು. ಎರಡು ವರ್ಷದಿಂದ ಒಂದು ದಿನ ತಪ್ಪಿಲ್ಲ. ಅಮ್ಮ ಚುರುಮುರಿಗೆ ಈರುಳ್ಳಿ ಹೆಚ್ಚುತ್ತಿರುವಳು, ಆ ಕಡೆಯಿಂದ ಪ್ರೇಮಜ್ಜಿ “ಅಕ್ಕಾ” ಎಂದು ಶುರು ಮಾಡುವಳು. ನಮ್ಮ ಮನೆಗೆ ಅದೇ ಗಡಿಯಾರ.

ಇನ್ನು ನನ್ನ ವಿಷಯ. ಕಂಪ್ಯೂಟರ್ ನನಗೆ ಯಾರೂ ಕಲಿಸಿದ್ದಲ್ಲ. ಅಪ್ಪನ ಹಳೆ ಲ್ಯಾಪ್‌ಟಾಪನ್ನು ಎರಡು ಸಲ ಪೂರ್ತಿ ಕೆಡಿಸಿ, ಮೂರನೇ ಸಲ ಸರಿಮಾಡಿ ಕಲಿತದ್ದು. ಅದರಲ್ಲೂ ಈ ಫೈಲುಗಳನ್ನು ಹಿಂಡಿ ಗಂಟು ಕಟ್ಟುವ ಕೆಲಸ ಇದೆಯಲ್ಲ, ಜಿಪ್, ಸೆವೆನ್-ಜೆಡ್ ಅಂತ, ಅದರ ಹುಚ್ಚು ನನಗೆ. ಪಾಡಾದ ಜನ, ಅಂದರೆ ನಮ್ಮ ಓಣಿಯವರು, ಸರ್ಟಿಫಿಕೇಟು, ಆಸ್ಪತ್ರೆ ರಿಪೋರ್ಟು ಕಳಿಸಬೇಕಾದರೆ ನನ್ನ ಹತ್ತಿರ ಬರುತ್ತಿದ್ದರು. ‘ಜಿಪ್ ದೀದಿ’ ಅನ್ನುತ್ತಿದ್ದರು. ಬಂದವರಿಗೆಲ್ಲ ನಾನು ಉಪದೇಶ ಮಾಡುತ್ತಿದ್ದೆ. ಬೀಗ ಹಾಕಿದ ಗಂಟನ್ನು ಕಳಿಸುವ ದಾರಿಯಲ್ಲೇ ಬೀಗದ ಕೈ ಕಳಿಸಬೇಡಿ. ಫೈಲು ಮೆಸೇಜಿನಲ್ಲಿ ಹೋದರೆ ಪಾಸ್‌ವರ್ಡನ್ನು ಬಾಯಲ್ಲಿ ಹೇಳಿ. ಗಂಟು ಸರಿಯಾಗಿದೆಯಾ ಎಂದು ಪರೀಕ್ಷೆ ಮಾಡದೆ ಮೂಲ ಫೈಲು ಅಳಿಸಬೇಡಿ. ಮತ್ತೆ ಜಿಪ್‌ಗೆ ಬೀಗ ಹಾಕಿದರೂ ಒಳಗಿನ ಫೈಲುಗಳ ಹೆಸರು ಹೊರಗಿನವರಿಗೆ ಕಾಣುತ್ತದೆ, ಹೆಸರು ನೋಡಿಕೊಂಡು ಇಡಿ. ಈ ಕೊನೆಯ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ.

ಆ ವರ್ಷ ಬೇಸಿಗೆಯಲ್ಲಿ ಅಜ್ಜಿಯ ಎದೆಯಲ್ಲಿ ಸ್ಟೆಂಟ್ ಹಾಕಿದರು. ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೆ ಅಪ್ಪ ಆಫೀಸಿನ ಕೆಲಸ ಎಂದು ಹುಬ್ಬಳ್ಳಿಗೆ ಹೋಗಿಬಂದರು. ಬಂದವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಳೆ ಹಿಡಿಯಿತು. ನಮ್ಮ ಓಣಿಯಲ್ಲಿ ನೀರು ನಿಂತರೆ ಎರಡು ದಿನ ಇಳಿಯುವುದಿಲ್ಲ. ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲಾಗುವುದು, ದೀಪ ಹಾಕಿದರೆ ಗೋಡೆಯ ತೇವ ಹೊಳೆಯುವುದು.

ಅಂಥದೊಂದು ದಿನ ಅಜ್ಜಿ ಕಳಿಸಿದಳು, “ಪ್ರೇಮಾ, ಇಲ್ಲಿ ಮಣಕಾಲು ಮಟಾ ನೀರು ನಿಂತದ. ಹಾಲಿನಾಂವ ಬಂದಿಲ್ಲ.”

ನಾಲ್ಕು ಗಂಟೆಗೆ ಉತ್ತರ ಬಂತು. “ಅಕ್ಕಾ, ಇವತ್ತೇನ ಬಿಸಲ ಅಂತೀ. ಹಪ್ಪಳ ಒಣಗಿದ್ವು.” ಒಂದು ಕೆಮ್ಮು. ಕುಕ್ಕರ್ ಸೀಟಿ. ಎಲ್ಲೋ ಒಂದು ಕಾಗೆ.

“ಗದಗಿನ್ಯಾಗ ಬಿಸಲಂತ ನೋಡು,” ಎಂದು ಅಜ್ಜಿ ಫೋನನ್ನು ಸೆರಗಿನಿಂದ ಒರೆಸಿದಳು.

ನನಗೆ ಆ ಕೆಮ್ಮು ಎಲ್ಲೋ ಕೇಳಿದಂತೆ ಅನಿಸಿತು. ಪ್ರೇಮಜ್ಜಿ ಕೆಮ್ಮುವುದು ಹೊಸದೇನಲ್ಲ. ಆದರೆ ಕೆಮ್ಮು, ಸೀಟಿ, ಕಾಗೆ, ಇದೇ ಸಾಲಿನಲ್ಲಿ ಬಂದದ್ದನ್ನು ಕೇಳಿದ್ದೆ.

ಎರಡು ದಿನ ಬಿಟ್ಟು ಅಜ್ಜಿಯ ಫೋನಿನಲ್ಲಿ ಜಾಗ ಇಲ್ಲ ಅಂತ ಬಂತು. ನನ್ನ ಕೈಗೆ ಕೊಟ್ಟಳು. ಗದಗದಿಂದ ಬಂದ ಧ್ವನಿ ಮೆಸೇಜುಗಳನ್ನು ತಿಂಗಳ ಪ್ರಕಾರ ಲ್ಯಾಪ್‌ಟಾಪಿಗೆ ಹಾಕಿಕೊಂಡು ಗಂಟು ಕಟ್ಟಲು ಕೂತೆ. ಇಲ್ಲಿ ಒಂದು ವಿಷಯ ಹೇಳಬೇಕು. ಧ್ವನಿ ಮೆಸೇಜು ಮೊದಲೇ ಹಿಂಡಿದ ಬಟ್ಟೆ. ಅದನ್ನು ಮತ್ತೆ ಹಿಂಡಿದರೆ ನೀರು ಬರುವುದಿಲ್ಲ, ಸೈಜು ಇದ್ದಷ್ಟೇ ಇರುತ್ತದೆ. ಹಿಂದಿನ ತಿಂಗಳುಗಳು ಹಾಗೇ ಇದ್ದವು. ಆದರೆ ಆ ಜೂನ್, ಜುಲೈಗಳ ಗಂಟು ಮಾತ್ರ ಅರ್ಧಕ್ಕಿಂತ ಕಡಿಮೆಯಾಯಿತು. ಏನೋ ತಪ್ಪಿತು ಎಂದು ಮತ್ತೆ ಕಟ್ಟಿದೆ. ಮತ್ತೆ ಅಷ್ಟೇ.

ನಾನು ಕಟ್ಟುತ್ತಿದ್ದದ್ದು ಸೆವೆನ್-ಜೆಡ್‌ನಲ್ಲಿ. ಅದು ಎಲ್ಲ ಫೈಲುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಟ್ಟಿಗೆ ಹಿಂಡುತ್ತದೆ. ಹಿಂದೆ ಬಂದದ್ದೇ ಮತ್ತೆ ಬಂದರೆ, ‘ಇದು ಆಗಲೇ ಬಂದಿದೆ, ಅಲ್ಲಿ ನೋಡಿ’ ಎಂದು ಒಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಜೀವ ಇರುವ ಮನುಷ್ಯ ಒಂದೇ ಮಾತನ್ನು ಹತ್ತು ಸಲ ಆಡಿದರೂ ಹತ್ತೂ ಬೇರೆಬೇರೆ ಫೈಲು. ಉಸಿರು ಬೇರೆ, ಕಾಗೆ ಬೇರೆ. ಒಂದಕ್ಕೊಂದು ಅಚ್ಚು ಹಾಕಿದಂತೆ ಇರಬೇಕಾದರೆ ಅದು ಹೊಸ ಮಾತಾಗಿರಲು ಸಾಧ್ಯವೇ ಇಲ್ಲ. ಎರಡು ತಿಂಗಳಿಂದ ಬಂದ ಮೆಸೇಜುಗಳಲ್ಲಿ ಬೇರೆಬೇರೆಯಾಗಿದ್ದವು ಹದಿನಾಲ್ಕೇ. ಅವೇ ತಿರುತಿರುಗಿ ಬಂದಿದ್ದವು. ಚಾಟ್ ತೆಗೆದು ನೋಡಿದೆ. ಆಗಲೇ ಮಾತಾಡಿ ಕಳಿಸಿದ ಧ್ವನಿಯ ಪಕ್ಕ ಸಣ್ಣ ಮೈಕಿನ ಚಿತ್ರ ಇರುತ್ತದೆ. ಮೇ ತಿಂಗಳ ಕೊನೆಯಿಂದ ಮೈಕು ಹೋಗಿ ಹೆಡ್‌ಫೋನಿನ ಚಿತ್ರ ಬಂದಿತ್ತು. ಅಂದರೆ ಯಾರೋ ಉಳಿದಿದ್ದ ಫೈಲನ್ನು ಎತ್ತಿ ಕಳಿಸುತ್ತಿದ್ದರು.

ಆಚೆ ಕೋಣೆಯಲ್ಲಿ ಫೋನು ಟಿಣ್ ಅಂದಿತು. “ಅಕ್ಕಾ” ಎಂದಳು ಪ್ರೇಮಜ್ಜಿ.

ಮರುದಿನ ಸಿಯಾಲ್ದಾಗೆ ಹೋಗಿ ಅಪ್ಪನನ್ನು ಆಫೀಸಿನಿಂದ ಹೊರಗೆ ಕರೆದೆ. ಫ್ಲೈಓವರ್ ಕೆಳಗಿನ ಚಹಾ ಅಂಗಡಿಯಲ್ಲಿ ನಿಂತೆವು.

“ಪ್ರೇಮಜ್ಜಿ ಹೆಂಗಿದ್ದಾಳ ಅಪ್ಪಾ?”

“ಯಾಕ?”

“ಸುಮ್ನ ಕೇಳಿದೆ.”

“ನೀ ಸುಮ್ನ ಏನೂ ಕೇಳಂಗಿಲ್ಲ.” ಅಪ್ಪ ಮಣ್ಣಿನ ಕಪ್ಪನ್ನು ಊದುತ್ತಲೇ ಇದ್ದರು. “ಯಾರ ಹೇಳಿದ್ರು ನಿನಗ?”

“ಯಾರೂ ಹೇಳಿಲ್ಲ. ಫೈಲು ಸಣ್ಣದಾತು.”

ಅಪ್ಪನಿಗೆ ಅದು ಅರ್ಥವಾಗಲಿಲ್ಲ, ಆದರೆ ನನಗೆ ಗೊತ್ತಾಗಿದೆ ಅನ್ನುವುದು ಅರ್ಥವಾಯಿತು. ಮೇ ಕೊನೆಗೆ ಪ್ರೇಮಜ್ಜಿ ಬೆಳಿಗ್ಗೆ ಎದ್ದಿರಲೇ ಇಲ್ಲ. ಅಪ್ಪ ಹುಬ್ಬಳ್ಳಿ ಅಂದು ಹೋದದ್ದು ಗದಗಿಗೆ, ಮಣ್ಣಿಗೆ. “ಮೂರು ತಿಂಗಳು ಯಾವ ಧಕ್ಕಾನೂ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ಆಗಸ್ಟ್ ಕೊನೀಗೆ ತಪಾಸಣಿ ಅದ. ಅದೊಂದು ಆದ ಮ್ಯಾಲೆ ನಾನ ಹೇಳ್ತೀನಿ. ಅಲ್ಲೀತನಕ ಪಲ್ಲವಿ ಹೆಂಗೋ ನಡಸ್ತಾಳ.”

“ನನಗ್ಯಾಕ ಹೇಳಲಿಲ್ಲ?”

“ನಿನ್ನ ಮಾರಿ ಮ್ಯಾಲೆ ಎಲ್ಲಾ ಬರದಿರ್ತದವಾ. ಅಜ್ಜಿಗೆ ಓದಾಕ ಬರ್ತದ.”

ಪಲ್ಲವಿ ಪ್ರೇಮಜ್ಜಿಯ ಮೊಮ್ಮಗಳು, ನನಗಿಂತ ಎರಡು ವರ್ಷ ಸಣ್ಣವಳು, ನಮ್ಮ ಅಜ್ಜಿ ಅವಳಿಗೆ ದೊಡ್ಡಜ್ಜಿ. ಅಪ್ಪ ವಿಷಯ ಹೇಳಿದ್ದರು, ಅಂದು ಸಂಜೆ ಅವಳೇ ಫೋನ್ ಮಾಡಿದಳು. “ಸ್ಮಿತಕ್ಕಾ, ಅಜ್ಜಿ ಫೋನಿನ್ಯಾಗ ಹದಿನಾಕ ಉಳದಾವ. ತಿರಗಿ ಮುರಗಿ ಅವನ್ನ ಕಳಸ್ಲಿಕ್ಕತ್ತೀನಿ. ದೊಡ್ಡಜ್ಜಿ ಮಳಿ ಅಂದ್ರ ಈಕಿ ಬಿಸಲ ಅಂತಾಳ. ನಿಮ್ಮ ಕಡೆ ಹಳೇವು ಇರ್ತಾವಲ್ಲ, ಕೊಡಕ್ಕಾ.”

ನಾನು ಒಪ್ಪಿಕೊಂಡೆ. ಮೂರು ದಿನ ಹೆಡ್‌ಫೋನ್ ಹಾಕಿಕೊಂಡು ಸತ್ತವಳ ಎರಡು ವರ್ಷದ ಮಾತು ಕೇಳಿದೆ. ಹೊರಗೆ ಮಳೆ, ಕಿವಿಯೊಳಗೆ ಗದಗಿನ ಬಿಸಿಲು. ಮೂರನೇ ದಿನ ಹೆಡ್‌ಫೋನ್ ತೆಗೆದ ಮೇಲೂ “ಅಕ್ಕಾ” ಕೇಳಿಸುತ್ತಿತ್ತು. ಹಬ್ಬ, ಮದುವೆ, ಬೆಲೆ, ಸುದ್ದಿ ಇರುವ ಮೆಸೇಜು ಬಿಟ್ಟು, ಯಾವಾಗ ಹಾಕಿದರೂ ಹೊಂದುವಂಥವು ಹನ್ನೊಂದು ಸಿಕ್ಕವು. ಪಲ್ಲವಿಗೆ ಗೊಂದಲ ಆಗಬಾರದು ಎಂದು, ಅಜ್ಜಿ ಏನಂದರೆ ಯಾವುದು ಕಳಿಸಬೇಕು ಅನ್ನುವುದನ್ನೇ ಫೈಲಿನ ಹೆಸರು ಮಾಡಿದೆ. ಅದೂ ಕನ್ನಡದಲ್ಲಿ. ಕನ್ನಡ ಹೆಸರಿಟ್ಟರೂ ಈಗ ಅಕ್ಷರ ಕೆಡುವುದಿಲ್ಲ ಎಂದು ತೋರಿಸುವ ಹೆಮ್ಮೆ ಬೇರೆ. ಅಕಾರಾದಿಯಾಗಿ ಅವು ಹೀಗೆ ನಿಂತವು:

ಅಳು ಬಂದರೆ
ಊಟ ಆಯ್ತಾ ಅಂದರೆ
ಏನೂ ಹೇಳದಿದ್ದರೆ
ಕನಸು ಹೇಳಿದರೆ
ನಿದ್ದೆ ಬರಲಿಲ್ಲ ಅಂದರೆ
ಬೈದರೆ
ಮಳೆ ಅಂದರೆ
ಮೊಣಕಾಲು ಅಂದರೆ
ಯಾವಾಗ ಬರ್ತಿ ಅಂದರೆ
ಹಾಡು ಕೇಳಿದರೆ
ಹೋಗ್ತೀನಿ ಅಂದರೆ

ಸೆವೆನ್-ಜೆಡ್‌ನಲ್ಲಿ ಹೆಸರುಗಳನ್ನೂ ಬೀಗದೊಳಗೆ ಹಾಕಲು ಬರುತ್ತದೆ, ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು. ಆದರೆ ಪ್ರೇಮಜ್ಜಿಯ ಹಳೇ ಫೋನು ಜಿಪ್ ಮಾತ್ರ ಬಿಚ್ಚುತ್ತಿತ್ತು. ಹೊಸ ಆ್ಯಪ್ ಹಾಕಿಕೋ ಅಂದರೆ ಪಲ್ಲವಿ “ಜಾಗಾ ಇಲ್ಲಕ್ಕಾ” ಅಂದಳು. ಹೋಗಲಿ, ಇದನ್ನು ನೋಡುವವರು ನಾವಿಬ್ಬರೇ ತಾನೆ ಎಂದು ಜಿಪ್ ಮಾಡಿ, ಬೀಗ ಹಾಕಿ, ಪರೀಕ್ಷೆ ಮಾಡಿ, ಅವಳ ಕೈಯಲ್ಲಿದ್ದ ಪ್ರೇಮಜ್ಜಿಯ ನಂಬರಿಗೇ ಕಳಿಸಿದೆ. ಪಾಸ್‌ವರ್ಡನ್ನು ಮಾತ್ರ ಮನೆಯಿಂದ ಹೇಳಲಿಲ್ಲ. ಲೇಕ್ ಗಾರ್ಡನ್ಸ್ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಫೋನ್ ಮಾಡಿ, ಟ್ರೇನ್ ಸದ್ದಿನ ನಡುವೆ ಎರಡು ಸಲ ಹೇಳಿದೆ. ಎಲ್ಲ ನಿಯಮದ ಪ್ರಕಾರ. ಅಷ್ಟು ಸುರಕ್ಷಿತವಾಗಿ ನಾನು ಅದುವರೆಗೆ ಏನನ್ನೂ ಕಳಿಸಿರಲಿಲ್ಲ.

ಒಂದು ವಾರ ಚೆನ್ನಾಗಿ ನಡೆಯಿತು. ಅಜ್ಜಿ ಮಳೆ ಅಂದರೆ ಪ್ರೇಮಜ್ಜಿಯೂ ಮಳೆ ಅಂದಳು.

ಆಮೇಲೆ ಒಂದು ಗುರುವಾರ ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ಪಲ್ಲವಿಯ ಫೋನು. “ಸ್ಮಿತಕ್ಕಾ, ತಪ್ಪಾತು. ಧ್ವನಿ ಕಳಸೋದು ಬಿಟ್ಟು ಆ ಜಿಪ್ಪನ್ನ ದೊಡ್ಡಜ್ಜಿಗೆ ಕಳಿಸಿಬಿಟ್ಟೆ. ಎರಡೂ ಒಂದ ಫೋಲ್ಡರ್‌ನ್ಯಾಗ ಇದ್ವು. ಅಳಸಿಬಿಡ್ಲೇನು?”

“ಅಳಸಿದ್ರ ಅಳಸೇದ ಅಂತ ಗುರುತು ಬೀಳ್ತದ. ಬಿಡು, ಬೀಗ ಹಾಕೇದ, ಏನೂ ಆಗಂಗಿಲ್ಲ. ನಾ ಮನೀಗೆ ಹೋಗಿ ತಗೀತೀನಿ.”

ಬಸ್ಸು ಪಾರ್ಕ್ ಸ್ಟ್ರೀಟ್ ಹತ್ತಿರ ನೀರಿನಲ್ಲಿ ನಿಂತುಬಿಟ್ಟಿತು. ಮನೆ ಸೇರುವ ಹೊತ್ತಿಗೆ ಮೂರು ತಾಸು ಆಗಿತ್ತು. ಅಜ್ಜಿಯ ಫೋನು ಕಿಟಕಿಯ ಕಟ್ಟೆಯ ಮೇಲೆ, ಇರುವ ಜಾಗದಲ್ಲೇ ಇತ್ತು. ಪಕ್ಕದಲ್ಲಿ ಭೂತಗನ್ನಡಿ. ಜಿಪ್ ತೆಗೆದು ಹಾಕಿದೆ. ಅಜ್ಜಿ ಬಚ್ಚಲಲ್ಲಿದ್ದಳು.

ಹೊರಗೆ ಬಂದಾಗ ತಲೆಯಿಂದ ನೀರು ಇಳಿಯುತ್ತಿತ್ತು. ಉಟ್ಟ ಸೀರೆಯೂ ಒದ್ದೆ.

“ಅತ್ತಿ, ಈ ಸಂಜೀ ಹೊತ್ತಿನ್ಯಾಗ ತಲಿ ಮ್ಯಾಲೆ ಯಾಕ ನೀರ ಹಾಕ್ಕೊಂಡ್ರಿ? ನೆಗಡಿ ಆಗೂದಿಲ್ಲೇನು?” ಎಂದಳು ಅಮ್ಮ.

“ಮೈಯೆಲ್ಲ ಅಂಟಂಟಾಗಿತ್ತು. ನಿಮ್ಮ ಕಲ್ಕತ್ತಾದ ಹವಾ ಹಂಗದ,” ಅಂದಳು ಅಜ್ಜಿ. “ನಾಳಿಂದ ದೇವರ ದೀಪಾ ನೀನ ಹಚ್ಚವಾ. ಮಣಕಾಲು ನೊಯ್ತಾವ, ಬಗ್ಗಾಕ ಆಗವಲ್ಲದು.”

ಮರುದಿನ ಮಧ್ಯಾಹ್ನ ಅಜ್ಜಿ ಫೋನು ಹಿಡಿದು, “ಪ್ರೇಮಾ” ಅಂದವಳು ಮುಂದೆ ಮಾತಾಡಲಿಲ್ಲ. ಅತ್ತಳು. ಸದ್ದು ಮಾಡದೆ, ಭುಜ ಅಲುಗುವಂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ನಾಲ್ಕಕ್ಕೆ ಉತ್ತರ ಬಂತು. “ಯಾಕಕ್ಕಾ ಅಳತೀ? ಎಲ್ಲಿ ಹೋಗೀನಿ ನಾ? ಇಲ್ಲೇ ಇದ್ದೀನಲ್ಲ.”

ಅದರ ಮರುದಿನ, “ಪ್ರೇಮಾ, ಊಟಾತೇನವಾ?” ಎಂದಿಷ್ಟೇ ಕೇಳಿದಳು.

ಮೂರನೇ ದಿನ ಅವಳು ಬಟನ್ ಒತ್ತಿ ಹಿಡಿದು ಸುಮ್ಮನೆ ಕೂತಳು. ಮಳೆ ಬೀಳುತ್ತಿತ್ತು, ಒಂದು ಟ್ರೇನು ಹೋಯಿತು. ಬೆರಳು ಬಿಟ್ಟಳು. ಮಾತೇ ಇಲ್ಲದ ಮೆಸೇಜು ಹೋಯಿತು. ನಾಲ್ಕಕ್ಕೆ ಪ್ರೇಮಜ್ಜಿ ಅಂದಳು, “ಯಾಕಕ್ಕಾ, ಏನೂ ಮಾತಾಡವಲ್ಲಿ? ನಿನ್ನ ಉಸರ ಅಷ್ಟ ಕೇಳಸ್ತದ ನನಗ.”

ಮೂರು ದಿನವನ್ನೂ ಬೆರಳು ಮಡಿಸಿ ಎಣಿಸಿದೆ. ಅಳು, ಊಟ, ಮೌನ. ನಾನು ಬರೆದ ಸಾಲು ಅದೇ. ಲ್ಯಾಪ್‌ಟಾಪ್ ತೆಗೆದು ಆ ಜಿಪ್ಪನ್ನು ಒತ್ತಿದೆ. ಪಾಸ್‌ವರ್ಡ್ ಕೇಳುವ ಮೊದಲೇ ಹನ್ನೊಂದು ಹೆಸರೂ ಒಂದರ ಕೆಳಗೊಂದು ಬಂದು ನಿಂತವು. ಒಳಗಿನ ಧ್ವನಿಗೆ ಬೀಗ ಇತ್ತು. ಧ್ವನಿಯಲ್ಲಿ ಮುಚ್ಚಿಡುವಂಥದ್ದು ಏನಿತ್ತು, ಅಜ್ಜಿ ಅದನ್ನೆಲ್ಲ ಕೇಳಿದವಳೇ. ಮುಚ್ಚಿಡಬೇಕಾದದ್ದು ಪೂರ್ತಿ ಹೆಸರಲ್ಲೇ ಇತ್ತು. ಕನ್ನಡದಲ್ಲಿ. ಈ ಊರಲ್ಲಿ ಕನ್ನಡ ಕಂಡರೆ ಬಿಡದವಳ ಕೈಗೆ ನಾನೇ ಬರೆದು ಕೊಟ್ಟಿದ್ದೆ.

ನಾಲ್ಕನೇ ದಿನ ಪಲ್ಲವಿ ಮಧ್ಯಾಹ್ನವೇ ಫೋನ್ ಮಾಡಿದಳು. “ಅಕ್ಕಾ, ದೊಡ್ಡಜ್ಜಿ ಕನಸು ಹೇಳ್ಯಾರ. ಪಟ್ಟಿ ಪ್ರಕಾರನ ಬರ್ಲಿಕ್ಕತ್ತಾರ. ನನಗ ಹೆದರಿಕಿ ಆಗ್ತದ.”

“ಏನಂತ ಕನಸು?”

“ನಮ್ಮಜ್ಜಿ ಬಂದು ಕಟ್ಟಿ ಮ್ಯಾಲೆ ಕೂತಿದ್ಲಂತ. ನೀರು ಕೊಟ್ರ ಕುಡೀಲಿಲ್ಲಂತ.”

ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಜಿಪ್ ವಿಷಯ, ನಾನು ಇಟ್ಟ ಹೆಸರು, ಎಲ್ಲ ಹೊರಬರುತ್ತಿತ್ತು. ತಪಾಸಣೆಗೆ ಇನ್ನೂ ಹದಿನೈದು ದಿನ ಇತ್ತು. ಅಲ್ಲಿಯವರೆಗೆ ಅಜ್ಜಿಯ ಎದೆ ತಡೆಯಬೇಕು. ನಾನು ಕಾಲೇಜು ಬಿಟ್ಟೆ. ಅಜ್ಜಿ ಮಧ್ಯಾಹ್ನ ಮಲಗಿದರೆ ಪಕ್ಕದಲ್ಲಿ ಕೂತು ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದೆ. 

“ಏನ ನೋಡ್ತೀ? ಸತ್ತೀನಿಲ್ಲೋ ಅಂತನೋ?” ಎಂದಳು ಒಂದು ದಿನ, ಕಣ್ಣು ತೆರೆಯದೆ.

“ಹಂಗ್ಯಾಕ ಅಂತೀ ಅಜ್ಜಿ. ಸೊಳ್ಳಿ ಓಡಸ್ಲಿಕ್ಕತ್ತೀನಿ.”

“ಓಡಸು. ಛಲೋ ಓಡಸು.”

ನಿದ್ದೆ ಬರಲಿಲ್ಲ ಅಂದಳು. ಒಂದು ದಿನ ತಂಗಿಯನ್ನು ಬಾಯಿಗೆ ಬಂದಂತೆ ಬೈದಳು, “ಅಕ್ಕನ್ನ ಬಿಟ್ಟು ಎಲ್ಲಾ ಮುಂದಮುಂದ ಮಾಡ್ತೀಯಲ್ಲ, ಹುಟ್ಟಾಗಿಂದ ಹಿಂಗ ನೀನು.” ಮಳೆ ಅಂದಳು, ಮೊಣಕಾಲು ಅಂದಳು. ನಾಲ್ಕು ಗಂಟೆಗೆ ತಪ್ಪದೆ ಉತ್ತರ ಬರುತ್ತಿತ್ತು. ನಾವು ಸತ್ತವಳ ಬಾಯಲ್ಲಿ ಅಜ್ಜಿಯನ್ನು ನಡೆಸುತ್ತಿದ್ದೇವೆ ಅಂದುಕೊಂಡಿದ್ದೆವು. ಈಗ ಅಜ್ಜಿ ನಮ್ಮನ್ನು ನಡೆಸುತ್ತಿದ್ದಳು. ಪಟ್ಟಿ ತುದಿಗೆ ಬರುತ್ತಿತ್ತು. ತುದಿ ಮುಟ್ಟಿದ ಮೇಲೆ ಏನು ಮಾಡುತ್ತಾಳೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಅಜ್ಜಿ ಕೇಳಿದಳು, “ಯಾವಾಗ ಬರ್ತೀ ಪ್ರೇಮಾ?”

ಆ ಉತ್ತರ ಯಾವುದೆಂದು ನನಗೆ ಬಾಯಿಪಾಠ ಇತ್ತು. ಅದರ ಹಿಂದಿನ ವರ್ಷ ದೀಪಾವಳಿಗೆ ಮುಂಚೆ ಬಂದ ಮೆಸೇಜು. ಆಗ ಕೇಳಿ ಎಲ್ಲರೂ ನಕ್ಕಿದ್ದೆವು. ‘ನಾ ಎಲ್ಲಿ ಬರ್ಲವಾ, ನೀನ ಬಾ ಇಲ್ಲಿಗೆ. ನಿನ್ನ ಹಾಸಗಿ ಹಾಸಿಟ್ಟೀನಿ.’

ಪಲ್ಲವಿಗೆ ಫೋನ್ ಮಾಡಿ, “ಅದನ್ನ ಕಳಸಬ್ಯಾಡ” ಅಂದೆ.

“ಬ್ಯಾರೆ ಯಾವುದೂ ಕೂಡಂಗಿಲ್ಲಕ್ಕಾ.”

“ಏನೂ ಕಳಸಬ್ಯಾಡ.”

ನಾಲ್ಕಾಯಿತು. ಎರಡು ವರ್ಷದಲ್ಲಿ ಮೊದಲ ಸಲ ಫೋನು ಸುಮ್ಮನಿತ್ತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಕೂತಿದ್ದಳು. ನಾಲ್ಕೂವರೆ. ಅಮ್ಮ ಚುರುಮುರಿ ತಂದಿಟ್ಟಳು, ಮುಟ್ಟಲಿಲ್ಲ. ಐದು. ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾಡಿ ಬೆರಳಿಗೆ ಸಿಗುತ್ತಲೇ ಇಲ್ಲ. “ಅಜ್ಜಿ, ಒಳಗ ಬಾ, ಮಲ್ಕೋ” ಅಂದೆ.

“ಬರ್ತದ,” ಅಂದಳು ಕಿಟಕಿಯ ಆಚೆ ನೋಡುತ್ತ. “ಆಕೀಗೆ ಉತ್ತರ ಕೊಡದ ಇರಾಕ ಬರಂಗಿಲ್ಲ.”

ನಾನು ಅಡುಗೆ ಮನೆಗೆ ಹೋಗಿ ಪಲ್ಲವಿಗೆ ‘ಕಳಿಸು’ ಎಂದು ಟೈಪ್ ಮಾಡಿದೆ. ಒಮ್ಮೆ ಅಳಿಸಿ ಮತ್ತೆ ಬರೆದೆ. ಒತ್ತಿದೆ.

ಟಿಣ್. “ನಾ ಎಲ್ಲಿ ಬರ್ಲವಾ,” ಎಂದಳು ಪ್ರೇಮಜ್ಜಿ ಕತ್ತಲಾದ ಕೋಣೆಯಲ್ಲಿ, “ನೀನ ಬಾ ಇಲ್ಲಿಗೆ. ನಿನ್ನ ಹಾಸಗಿ ಹಾಸಿಟ್ಟೀನಿ.”

ನಾನು ಅಜ್ಜಿಯ ಎದೆ ನೋಡುತ್ತಿದ್ದೆ. ಅವಳು ನಕ್ಕಳು. “ಹಾಸಿಡು, ಹಾಸಿಡು. ಅವಸರ ಏನದ,” ಅಂದು ಚುರುಮುರಿ ಬಟ್ಟಲನ್ನು ಎಳೆದುಕೊಂಡಳು.

ಹತ್ತನೇ ದಿನ ಹಾಡು. ಅವರ ಅಮ್ಮ ಬೀಸುವಾಗ ಹಾಡುತ್ತಿದ್ದದ್ದಂತೆ. ಪ್ರೇಮಜ್ಜಿ ನಡುವೆ ಸಾಲು ಮರೆತು ‘ಮುಂದ ನೀ ಹೇಳಕ್ಕಾ’ ಅನ್ನುತ್ತಾಳೆ. ಅಜ್ಜಿ ಮುಂದಿನದನ್ನು ಹೇಳಿದಳು, ಫೋನಿಗಲ್ಲ, ಗೋಡೆಗೆ.

ಹನ್ನೊಂದನೇ ದಿನ ಮಳೆ ಬಿಟ್ಟಿತ್ತು. ಓಣಿಯ ತುದಿಯಲ್ಲಿ ಪೂಜೆಯ ಪೆಂಡಾಲಿಗೆ ಬಿದಿರು ತಂದು ಇಳಿಸುತ್ತಿದ್ದರು. ಅಜ್ಜಿ ಹೊಸದಾಗಿ ಒಗೆದ ಸೀರೆ ಉಟ್ಟಿದ್ದಳು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬಟನ್ ಒತ್ತಿ, ನಿಧಾನವಾಗಿ ಅಂದಳು, “ಪ್ರೇಮಾ, ಇನ್ನ ನಾ ಹೋಗ್ತೀನಿ.”

ನಾಲ್ಕು ಗಂಟೆಯವರೆಗೆ ನಾನು ಅವಳ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

“ಹೋಗ್ತೀನಿ ಅನಬಾರದಕ್ಕಾ,” ಎಂದು ಬಂತು ಉತ್ತರ. “ಅವ್ವ ಏನ ಹೇಳಿಕೊಟ್ಟಾಳ? ಹೋಗಿ ಬರ್ತೀನಿ ಅನ್ನು.” ಕೆಮ್ಮು. ಅಷ್ಟೇ.

“ಹೋಗಿ ಬಾರವಾ,” ಎಂದಳು ಅಜ್ಜಿ. ಫೋನಿನ ಪರದೆ ತಾನೇ ಆರಿತು. ಅವಳು ದಿಂಬಿನ ಕೆಳಗಿಂದ ವಹಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಪುಟ ತುಂಬ ರಾಮನಾಮ, ಆ ಗುರುವಾರದ ದಿನ ಅದು ನಿಂತಿತ್ತು. ಮುಂದಿನ ಪುಟದಲ್ಲಿ ಹನ್ನೊಂದು ಹೆಸರು, ಅವಳ ಗುಂಡು ಅಕ್ಷರದಲ್ಲಿ. ಹತ್ತರ ಎದುರಿಗೆ ಗೀಟು ಬಿದ್ದಿತ್ತು. ಪೆನ್ನು ತೆಗೆದು ಹನ್ನೊಂದನೆಯದಕ್ಕೂ ಹಾಕಿದಳು.

“ಇವನ್ನ ಬರದಾಕಿ ನೀನೋ?”

ಹೌದೆಂದು ಗೋಣು ಹಾಕಿದೆ.

“ಅಕ್ಷರ ತಪ್ಪಿಲ್ಲ. ಛಲೋ ಕಲತೀ.” ಪೆನ್ನಿನ ತುದಿಯನ್ನು ಪಟ್ಟಿಯ ಕೆಳಗಿನ ಖಾಲಿ ಜಾಗದಲ್ಲಿ ಇಟ್ಟಳು. “ಆದ್ರ ಒಂದ ಬಿಟ್ಟೀಯಲ್ಲ. ಗೊತ್ತಾದರೆ ಅಂತ ಒಂದ ಬರೀಬೇಕಿತ್ತು. ಆಕಿ ಸತ್ತದ್ದು ನನಗ ಗೊತ್ತಾದ್ರ ಯಾವುದ ಕಳಸಾವ್ರಿದ್ರಿ?”

ಅದಕ್ಕೆ ಫೈಲು ಇರಲಿಲ್ಲ. ಎರಡು ವರ್ಷದ ಅಷ್ಟೂ ಮಾತಿನಲ್ಲಿ ಅದಕ್ಕೆ ಹೊಂದುವಂಥದ್ದು ಒಂದೂ ಇರಲಿಲ್ಲ. ನಾನು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಗುರುವಾರ ಸಂಜೆಯ ತಲೆಸ್ನಾನ, ಹಚ್ಚದ ದೀಪ, ಎಲ್ಲ ಆಗ ಅರ್ಥವಾಯಿತು. ಕೊಟ್ಟ ಮನೆಗೆ ಹೋದ ತಂಗಿಗೆ ಮೂರು ದಿನದ ಸೂತಕ ಸಾಕಿತ್ತು ಎಂದು ಅಮ್ಮ ಆಮೇಲೆ ಹೇಳಿದಳು. ಅಜ್ಜಿ ಹನ್ನೊಂದು ದಿನ ಹಿಡಿದಿದ್ದಳು. ನಾವು ಅವಳಿಗೆ ಕೊಡದೆ ಇಟ್ಟುಕೊಂಡ ಹನ್ನೊಂದು ದಿನವನ್ನು ನಮ್ಮ ಪಟ್ಟಿಯಿಂದಲೇ ಎಣಿಸಿ ತೆಗೆದುಕೊಂಡಿದ್ದಳು.

ಸಂಜೆ ಅಪ್ಪ ಬಂದಾಗ ಅವಳೇ ದೇವರ ದೀಪ ಹಚ್ಚುತ್ತಿದ್ದಳು. “ಪ್ರೇಮಾನ್ನ ನೋಡಿ ಬಂದೀಯಲ್ಲಪಾ, ಕಡೀಕ ಮಾರಿ ಹೆಂಗಿತ್ತು?” ಎಂದು ಕೇಳಿದಳು. ಅಪ್ಪ ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತರು. ತಿಂಗಳ ಕೊನೆಯ ತಪಾಸಣೆಯಲ್ಲಿ ಡಾಕ್ಟರು ಎಲ್ಲ ಸರಿ ಇದೆ, ಹೃದಯ ಗಟ್ಟಿ ಇದೆ ಅಂದರು.

ಅದಾದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ನನ್ನ ಫೋನು ಇಸಿದುಕೊಂಡು ಕೋಣೆಯ ಬಾಗಿಲು ಹಾಕಿದಳು. ಒಂದು ಟ್ರೇನು ಬಂದು ಹೋಗುವಷ್ಟು ಹೊತ್ತು. ಹೊರಗೆ ಬಂದು ಫೋನು ಕೊಟ್ಟಳು. “ನೀ ಬಿಟ್ಟದ್ದನ್ನ ತುಂಬೀನಿ. ಇದು ನಂದು, ನಿನಗ. ಒಂದಿಲ್ಲೊಂದು ದಿನ ಬೇಕಾಗ್ತದ. ಈಗ ಕೇಳಬ್ಯಾಡ. ಹೆಸರು ‘ಗೊತ್ತಾದರೆ’ ಅಂತ ಬರೀ. ಈ ಸಲ ಹೆಸರು ಸೈತ ಯಾರಿಗೂ ಕಾಣಬಾರದು, ಆಗ್ತದೇನು?”

ಆಗ್ತದ ಅಂದೆ. ಸೆವೆನ್-ಜೆಡ್‌ನಲ್ಲಿ ಕಟ್ಟಿ, ಆ ಚೌಕಕ್ಕೆ ಗುರುತು ಹಾಕಿದೆ. ಹನ್ನೊಂದು ಪ್ರೇಮಜ್ಜಿಯವು, ಹನ್ನೆರಡನೆಯದು ಅಜ್ಜಿಯದು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಪಲ್ಲವಿಯ ಹತ್ತಿರ. ಪಾಸ್‌ವರ್ಡ್ ಎಲ್ಲೂ ಬರೆದಿಲ್ಲ, ಬಾಯಲ್ಲೇ ಇದೆ.

ಕಳೆದ ವಾರ ಕಪಾಟಿನಲ್ಲಿ ಸಿಕ್ಕ ಚೀಲದಲ್ಲಿ ಅಜ್ಜಿಯ ಹಳೆ ವಹಿಗಳಿದ್ದವು. ಆ ಪಟ್ಟಿಯ ಪುಟವೂ ಇತ್ತು. ಗೀಟುಗಳ ಶಾಯಿ ತೇವಕ್ಕೆ ಹರಡಿತ್ತು. ಮನೆಗೆ ತಂದು ಅಜ್ಜಿಯ ಮುಂದಿಟ್ಟೆ. ಸಿಯಾಲ್ದಾದ ಈ ಮನೆಗೆ ಟ್ರೇನ್ ಸದ್ದು ಇನ್ನೂ ಜೋರು. ಅಜ್ಜಿ ವಹಿ ತೆರೆಯಲಿಲ್ಲ, ಕೈಯಿಂದ ಒಮ್ಮೆ ಸವರಿ ಪಕ್ಕಕ್ಕಿಟ್ಟು ಮಲಗಲು ಒಳಗೆ ಹೋದಳು.

ನಾನು ಲ್ಯಾಪ್‌ಟಾಪ್ ತೆಗೆದೆ. ತಿಂಗಳಿಗೊಮ್ಮೆ ಆ ಗಂಟಿನ ಪರೀಕ್ಷೆ ಮಾಡುತ್ತೇನೆ. ಪರೀಕ್ಷೆ ಅಂದರೆ ಕೇಳುವುದಲ್ಲ. ಒಂದು ಅಕ್ಷರವೂ ಕೆಟ್ಟಿಲ್ಲ ತಾನೆ ಎಂದು ಕಂಪ್ಯೂಟರ್ ತನ್ನಷ್ಟಕ್ಕೆ ಒಳಗೆಲ್ಲ ಓದಿಕೊಂಡು ಬರುತ್ತದೆ, ನಮಗೆ ಏನೂ ಕೇಳಿಸುವುದಿಲ್ಲ. ಪಾಸ್‌ವರ್ಡ್ ಹಾಕಿದೆ. ಹಸಿರು ಪಟ್ಟಿ ಹನ್ನೆರಡನೆಯ ಹೆಸರಿನವರೆಗೆ ಓಡಿ ನಿಂತಿತು. ತಪ್ಪುಗಳಿಲ್ಲ ಎಂದು ಬಂತು.

ಒಳಗಿನಿಂದ ಅಜ್ಜಿಯ ಧ್ವನಿ. “ಎಲ್ಲಾ ಸರಿ ಅದೇನು?”

“ಅದ ಅಜ್ಜಿ.”

“ಹಂಗಾದ್ರ ಮುಚ್ಚಿಡು.”